ಮೇಲಿನ ಬೀದಿ ನಿವಾಸಿಗಳು, ಮಡಿಕೇರಿ: ಜುಲೈ 2025ರ ಕರೆಂಟ್ ಬಿಲ್

ತಿರುವಿನ ಮನೆ, ರಾತ್ರಿ 1:47
ಯಾರಾದ್ರೂ ಎದ್ದಿದ್ದೀರಾ? ಏಳೂವರೆಗೆ ಹೋದ ಕರೆಂಟು ಇನ್ನೂ ಬಂದಿಲ್ಲ. ಮಾವನಿಗೆ ನೆಬ್ಯುಲೈಸರ್ ಹಾಕಬೇಕು, ಇನ್ವರ್ಟರ್ ಹನ್ನೊಂದಕ್ಕೇ ಕೈಕೊಟ್ಟಿತು. ಗ್ಯಾಸಲ್ಲಿ ನೀರು ಕಾಯಿಸಿ ಹಬೆ ಕೊಡ್ತಾ ಕೂತಿದ್ದೇನೆ. ಕರೆಂಟ್ ಆಫೀಸಿಗೆ ಒಂಬತ್ತು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಗದ್ದಿಗೆ ಕಡೆ ಲೈಟ್ ಕಾಣ್ತಾ ಇದೆ, ನಮ್ಮ ಬೀದಿ ಮಾತ್ರ ಕತ್ತಲೆ.
ಇವತ್ತು ಬೆಳಗ್ಗೆಯಷ್ಟೇ ಬಿಲ್ ಕೊಟ್ಟು ಹೋಗಿದ್ದಾರೆ. 214 ಯೂನಿಟ್. ಮಳೆಗೆ ಬಟ್ಟೆ ಒಣಗದೆ ಹೀಟರ್ ಹಾಕಿದ್ದಕ್ಕೆ 200 ದಾಟಿತು, ಗೃಹಜ್ಯೋತಿ ಪೂರ್ತಿ ಹೋಯ್ತು. ದುಡ್ಡು ಕಟ್ಟೋದು ನಾವು, ಕತ್ತಲೆಯಲ್ಲಿ ಕೂರೋದೂ ನಾವೇ. ಈ ಸಲ ನಾನು ಸುಮ್ಮನಿರೋದಿಲ್ಲ.

ಟ್ಯಾಂಕ್ ಪಕ್ಕದ ಅಂಕಲ್, ಬೆಳಗ್ಗೆ 5:38
ನಾನು ಹೋದ ವರ್ಷವೇ ಹೇಳಿದ್ದೆ. ಇದೇ ಗುಂಪಲ್ಲಿ. ಯಾರು ಕೇಳಿದ್ರಿ?

ಟ್ಯಾಂಕ್ ಪಕ್ಕದ ಅಂಕಲ್, ಬೆಳಗ್ಗೆ 5:39
ಖಾಲಿ ಸೈಟಿನ ಸಿಲ್ವರ್ ಮರ ಲೈನ್ ಮೇಲೆ ಒರಗಿದೆ. ಜೊತೆಗೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಎಷ್ಟು ಲೋಡ್ ತಡೀತದೆ? ಒಂದೇ ಮನೆಯಲ್ಲಿ ಆರಾರು ಗೀಸರ್!

ಹೋಂಸ್ಟೇ ಅಕ್ಕ, ಬೆಳಗ್ಗೆ 6:20
ಅಂಕಲ್, ನನ್ನ ಹೆಸರು ಹೇಳದೆ ನನಗೇ ಹೇಳಿದ ಹಾಗಾಯ್ತು. ಈ ಮಳೆಗೆ ನನ್ನಲ್ಲಿ ಗೆಸ್ಟೇ ಇಲ್ಲ. ರಾತ್ರಿ ಒಂದು ಗೀಸರೂ ಹಾಕಿಲ್ಲ. ಮತ್ತೆ ಎಂತಕ್ಕೆ ಹೋಯ್ತು?

ಬಾಡಿಗೆ ಮನೆ ತಮ್ಮ, ಬೆಳಗ್ಗೆ 6:52
ಅಕ್ಕಾ, ಮಾವ ಹೇಗಿದ್ದಾರೆ ಈಗ?

ತಿರುವಿನ ಮನೆ, ಬೆಳಗ್ಗೆ 7:10
ನಾಲ್ಕೂಕಾಲಿಗೆ ಕರೆಂಟ್ ಬಂತು. ಈಗ ನಿದ್ದೆ ಮಾಡ್ತಾ ಇದ್ದಾರೆ. ಕೇಳಿದ್ದಕ್ಕೆ ಥ್ಯಾಂಕ್ಸ್ ತಮ್ಮ.

ಅಂಗಡಿ ಅಣ್ಣ, ಬೆಳಗ್ಗೆ 7:31
ಫಾರ್ವರ್ಡ್ ಆಗಿದೆ: "ಮಾನ್ಯ ಗ್ರಾಹಕರೇ, ಕಳೆದ ತಿಂಗಳ ಬಿಲ್ ಅಪ್‌ಡೇಟ್ ಆಗದ ಕಾರಣ ಇಂದು ರಾತ್ರಿ 9:30ಕ್ಕೆ ನಿಮ್ಮ ವಿದ್ಯುತ್ ಸಂಪರ್ಕ ಕಡಿತಗೊಳಿಸಲಾಗುವುದು. ಕೂಡಲೇ ಅಧಿಕಾರಿಗೆ ಕರೆ ಮಾಡಿ."
ಇದು ನಿಜವಾ?

ಬಾಡಿಗೆ ಮನೆ ತಮ್ಮ, ಬೆಳಗ್ಗೆ 7:33
ಅಣ್ಣಾ, ಅದು ಮೋಸ. ಕರೆ ಮಾಡಬೇಡಿ, ಲಿಂಕ್ ಒತ್ತಬೇಡಿ. ಡಿಲೀಟ್ ಮಾಡಿ ದಯವಿಟ್ಟು.

ತಿರುವಿನ ಮನೆ, ಸಂಜೆ 6:15
ಎಲ್ಲರೂ ಓದಿ, ಸ್ವಲ್ಪ ಉದ್ದ ಇದೆ. ಮಧ್ಯಾಹ್ನ ಬಿಲ್ ಎದುರಿಗಿಟ್ಟುಕೊಂಡು ಕೂತೆ. ಒಂದೊಂದು ಸಾಲು ಎಲ್ಲಿಂದ ಬಂತು ಅಂತ ಹುಡುಕಿದೆ.
ಯೂನಿಟ್ ದರ ಇಡೋದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಮಾರ್ಚ್ 27ರ ಆದೇಶದಲ್ಲಿ 5 ರೂ. 90 ಪೈಸೆ ಇದ್ದದ್ದು 5 ರೂ. 80 ಪೈಸೆ ಆಯ್ತು. ಇಳೀತು ಅಂತ ನಾವೆಲ್ಲ ಖುಷಿಪಟ್ಟೆವು. ಆದ್ರೆ ನಿಗದಿತ ಶುಲ್ಕ ಏರಿತು. ಅದೇ ತಿಂಗಳು ನೌಕರರ ಪಿಂಚಣಿ, ಗ್ರಾಚ್ಯುಟಿ ಅಂತ ಯೂನಿಟ್‌ಗೆ 36 ಪೈಸೆ ಬೇರೆ ಸೇರಿಸಿದ್ರು. ನನ್ನ 214 ಯೂನಿಟ್‌ಗೆ ಅದೇ 77 ರೂಪಾಯಿ. ಮುಂದಿನ ವರ್ಷ 35 ಪೈಸೆ, ಅದರಾಚೆಗೆ 34. ಇನ್ನು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಅಂತ ಒಂದು ಸಾಲು ಇದೆಯಲ್ಲ, 2022ರಲ್ಲಿ ಕೇಂದ್ರ ನಿಯಮ ಬದಲಾಯಿಸಿದ ಮೇಲೆ ಅದು ತಿಂಗಳು ತಿಂಗಳು ತಾನಾಗಿ ಬಿಲ್ಲಿಗೆ ಬರ್ತದೆ. ಕೊನೆಗೆ 9 ಪರ್ಸೆಂಟ್ ತೆರಿಗೆ.
ಇಷ್ಟರಲ್ಲಿ ನಮ್ಮ ವಿಧಾನಸಭೆ ಕಾನೂನು ಮಾಡಿ ಹಾಕಿದ್ದು ತೆರಿಗೆ ಒಂದೇ. ಉಳಿದ ಯಾವ ಸಾಲಿಗೂ ನಾವು ಓಟು ಹಾಕಿ ಕಳಿಸಿದವರ ಒಪ್ಪಿಗೆ ಬೇಕಿಲ್ಲ. ನನಗೆ ಹೊಟ್ಟೆ ಉರಿದದ್ದು ಇದಕ್ಕೆ.

ಮೇಷ್ಟ್ರು, ಸಂಜೆ 6:48
ಚೆನ್ನಾಗಿ ಹುಡುಕಿದ್ದೀಯಮ್ಮ. ಒಂದು ಮಾತು ಸೇರಿಸ್ತೇನೆ. 1999ರಲ್ಲಿ ಸುಧಾರಣಾ ಕಾಯ್ದೆ ತಂದು ದರದ ಅಧಿಕಾರವನ್ನು ಆಯೋಗಕ್ಕೆ ಕೊಟ್ಟದ್ದೂ ಇದೇ ಸದನ. ಚುನಾವಣೆ ನೋಡಿಕೊಂಡು ದರ ಏರಿಸೋದು ಇಳಿಸೋದು ಆಗಬಾರದು ಅಂತ. ಆ ಉದ್ದೇಶ ತಪ್ಪಲ್ಲ.
ಆದರೆ ಅಧಿಕಾರ ಕೊಟ್ಟವರು ಕಣ್ಣು ಮುಚ್ಚಬೇಕು ಅಂತ ಕಾಯ್ದೆ ಹೇಳೋದಿಲ್ಲ. 2003ರ ವಿದ್ಯುತ್ ಕಾಯ್ದೆಯ 105ನೇ ಕಲಂ ಪ್ರಕಾರ ಆಯೋಗದ ವಾರ್ಷಿಕ ವರದಿ ಸದನದ ಮುಂದೆ ಬರಬೇಕು. ಲೆಕ್ಕಪತ್ರವೂ ಬರಬೇಕು, ಆಯೋಗ ಮಾಡುವ ನಿಯಮಾವಳಿಗಳೂ ಬರಬೇಕು. 65ನೇ ಕಲಂ ಪ್ರಕಾರ ಸರ್ಕಾರ ಸಬ್ಸಿಡಿ ಘೋಷಿಸಿದರೆ ದುಡ್ಡು ಮುಂಗಡ ಕಟ್ಟಬೇಕು. ಆ ದುಡ್ಡಿಗೆ ಬಜೆಟ್‌ನಲ್ಲಿ ಒಪ್ಪಿಗೆ ಕೊಡೋರು ಶಾಸಕರೇ. ಕೇಳಲಿಕ್ಕೆ ಜಾಗ ಇದೆ. ಕೇಳುವವರು ಬೇಕು.

ತಿರುವಿನ ಮನೆ, ಸಂಜೆ 6:55
ಅದೇ ಮೇಷ್ಟ್ರೇ. ಅಧಿವೇಶನ ಹತ್ತಿರ ಬಂತು. ನಮ್ಮ ಶಾಸಕರಿಗೆ ಒಂದು ಅರ್ಜಿ ಬರೆಯೋಣ. ಪಿಂಚಣಿ ಹೊರೆ ಎಂತಕ್ಕೆ ಬಿಲ್ಲಿಗೆ ಬಂತು, ಸಬ್ಸಿಡಿ ಮುಂಗಡವಾಗಿ ಕಟ್ಟಿದ್ದಾರಾ, ಮಳೆಗಾಲದಲ್ಲಿ ಗುಡ್ಡದ ಮೇಲೆ ಗಂಟೆಗಟ್ಟಲೆ ಕರೆಂಟ್ ಹೋಗೋದನ್ನ ದರ ಇಡುವಾಗ ಯಾರಾದ್ರೂ ಲೆಕ್ಕಕ್ಕೆ ತಗೊಂಡಿದ್ದಾರಾ? ಈ ಮೂರನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಿ ಅಂತ. ಮಂತ್ರಿಗಳು ಎದ್ದು ನಿಂತು ಉತ್ತರ ಹೇಳಲಿ. ಅರ್ಜಿ ಅಂಗಡಿ ಅಣ್ಣನ ಹತ್ತಿರ ಇಡ್ತೇನೆ, ಎಲ್ಲರೂ ಸಹಿ ಹಾಕಿ.

ಹೋಂಸ್ಟೇ ಅಕ್ಕ, ಸಂಜೆ 7:02
ನಾನು ರೆಡಿ.

ಟ್ಯಾಂಕ್ ಪಕ್ಕದ ಅಂಕಲ್, ಸಂಜೆ 7:05
ಎಂತ ಅರ್ಜಿ ಮಾರಾಯ್ರೆ! 224 ಜನರಲ್ಲಿ ಕೊಡಗಿನವರು ಇಬ್ಬರು. 1956ರ ನವೆಂಬರ್‌ವರೆಗೆ ಕೊಡಗಿಗೇ 24 ಜನರ ವಿಧಾನಸಭೆ ಇತ್ತು, ನಮ್ಮದೇ ಮುಖ್ಯಮಂತ್ರಿ ಇದ್ರು. ಅವತ್ತು ಕಳಕೊಂಡದ್ದು ಇವತ್ತು ಬಿಲ್ಲಲ್ಲಿ ಕಾಣ್ತಾ ಇದೆ.

ಟ್ಯಾಂಕ್ ಪಕ್ಕದ ಅಂಕಲ್, ಸಂಜೆ 7:07
ಮೈಸೂರಿಂದ ಕೋಯಿಕ್ಕೋಡಿಗೆ 400 ಕೆವಿ ಲೈನ್ ನಮ್ಮ ತಲೆ ಮೇಲೆ ಹೋಯ್ತು. ಮರ ನಮ್ಮದು, ಕರೆಂಟ್ ಕೇರಳಕ್ಕೆ.

ಟ್ಯಾಂಕ್ ಪಕ್ಕದ ಅಂಕಲ್, ಸಂಜೆ 7:08
ಎಲ್ಲದಕ್ಕೂ ಕಾರಣ ಈ ಫ್ರೀ. ಒಬ್ಬರಿಗೆ ಫ್ರೀ ಕೊಟ್ಟು ಇನ್ನೊಬ್ಬರಿಂದ ಕೀಳೋದು.

ಬಾಡಿಗೆ ಮನೆ ತಮ್ಮ, ಸಂಜೆ 7:15
ಅಂಕಲ್, ಒಂದೇ ಏಟಿಗೆ 70 ಪೈಸೆ ಏರಿದ್ದು 2023ರಲ್ಲಿ, ಗೃಹಜ್ಯೋತಿ ಶುರುವಾಗೋ ಮೊದಲು. ಮತದಾನ ಮೇ 10, ಆದೇಶ ಮೇ 12, ಎಣಿಕೆ ಮೇ 13. ಅದೂ ಏಪ್ರಿಲ್ 1ರಿಂದಲೇ ಲೆಕ್ಕ.

ಟ್ಯಾಂಕ್ ಪಕ್ಕದ ಅಂಕಲ್, ಸಂಜೆ 7:16
ಅದನ್ನು ಜಾರಿ ಮಾಡಿದವರು ಯಾರು?

ಬಾಡಿಗೆ ಮನೆ ತಮ್ಮ, ಸಂಜೆ 7:16
ಕರೆಂಟ್ ಕಂಪನಿಗಳು ದರ ಏರಿಸಿ ಅಂತ ಆಯೋಗವನ್ನು ಕೇಳಿದಾಗ ಸರ್ಕಾರ ಯಾರದ್ದಿತ್ತು?

ಗದ್ದೆ ಕಡೆ ಮನೆ, ಸಂಜೆ 7:24
ಇಬ್ಬರೂ ತೋಟದವರ ವಿಷಯ ಬಿಟ್ರಿ. 10 ಎಚ್‌ಪಿ ಪಂಪ್‌ಸೆಟ್ ಬಿಲ್ಲಿಗೆ ನಾವೆಷ್ಟು ಅಲೆದಿದ್ದೇವೆ ಗೊತ್ತಾ? ಬಯಲುಸೀಮೆ ರೈತ ರೈತ, ಕಾಫಿ ಬೆಳೆಯೋನು ಸಾಹುಕಾರ!

ಅಡ್ಮಿನ್, ಸಂಜೆ 7:40
ಗುಂಪಿನಲ್ಲಿ ರಾಜಕೀಯ ಬೇಡ. ಇದು ಎರಡನೇ ಸಲ ಹೇಳೋದು.

ಅಂಗಡಿ ಅಣ್ಣ, ಸಂಜೆ 7:52
ಮೇಷ್ಟ್ರು: ಮಿಂಚಿಗೂ ಕರೆಂಟಿಗೂ ವ್ಯತ್ಯಾಸ ಏನೋ?
ಗುಂಡ: ಮಿಂಚಿಗೆ ಬಿಲ್ ಬರೋದಿಲ್ಲ ಸಾರ್ 😂😂

ಮೇಷ್ಟ್ರು, ರಾತ್ರಿ 8:10
70 ಪೈಸೆಯ ಬಗ್ಗೆ ಇಬ್ಬರೂ ಜಗಳ ಆಡ್ತಿದ್ದೀರಿ. ಕಂಪನಿಗಳ ಆ ಅರ್ಜಿ ಆಯೋಗಕ್ಕೆ ಬಂದಾಗ ಪೇಪರಿನಲ್ಲಿ ಪ್ರಕಟಣೆ ಬಂದಿತ್ತು, ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದಿತ್ತು. ಅದನ್ನೆಲ್ಲ ಕೇಳಿ 120 ದಿನದೊಳಗೆ ಆದೇಶ ಕೊಡಬೇಕು ಅಂತ ಕಾಯ್ದೆ ಇದೆ. ನಮ್ಮ ಬೀದಿಯಿಂದ ಒಂದು ಕಾಗದವೂ ಹೋಗಲಿಲ್ಲ. ನಾನೂ ಬರೆದಿಲ್ಲ. ಈಗಿನ ಆದೇಶ 2027-28ರವರೆಗೆ ಮೂರು ವರ್ಷದ್ದು. ಹಾಗಾಗಿ ಈಗ ಸದನದ ದಾರಿಯನ್ನಾದರೂ ಹಿಡಿಯಬೇಕು.

ತಿರುವಿನ ಮನೆ, ಮರುದಿನ ಬೆಳಗ್ಗೆ 9:05
ಅರ್ಜಿ ಅಂಗಡಿಯಲ್ಲಿದೆ. ಭಾನುವಾರದೊಳಗೆ ಸಹಿ ಹಾಕಿ. ಮನೆಯಲ್ಲಿ ಎಷ್ಟು ಜನ ದೊಡ್ಡವರಿದ್ದೀರೋ ಅಷ್ಟೂ ಜನ ಹಾಕಬಹುದು.

ಟ್ಯಾಂಕ್ ಪಕ್ಕದ ಅಂಕಲ್, ಬೆಳಗ್ಗೆ 9:30
📷 ಚಿತ್ರ
ನೋಡಿ. ಸಿಲ್ವರ್ ಮರದ ಕೊಂಬೆ. ನಿನ್ನೆಗಿಂತ ಒಂದಡಿ ಕೆಳಗೆ ಬಂದಿದೆ. ಇವತ್ತು ಗಾಳಿ ಬಂದ್ರೆ ಮತ್ತೆ ಕತ್ತಲೆ.

ಹೋಂಸ್ಟೇ ಅಕ್ಕ, ಬೆಳಗ್ಗೆ 9:34
ಅಯ್ಯೋ, ಹೌದಲ್ಲ! ಸೈಟಿನ ಓನರ್ ಬೆಂಗಳೂರಲ್ಲಿ. ನಂಬರ್ ಯಾರಲ್ಲಿ ಉಂಟು?

ಅಡ್ಮಿನ್, ಬೆಳಗ್ಗೆ 9:50
ಮಾತಾಡಿದೆ. ಕೊಂಬೆ ಕಡೀರಿ, ಬುಡ ಮುಟ್ಟಬೇಡಿ ಅಂದ್ರು.

ಟ್ಯಾಂಕ್ ಪಕ್ಕದ ಅಂಕಲ್, ಬೆಳಗ್ಗೆ 9:52
ಭಾನುವಾರ ಹತ್ತು ಗಂಟೆಗೆ ಎಲ್ಲರೂ ಬನ್ನಿ. ಕತ್ತಿ ನಾನು ತರ್ತೇನೆ. ಮೆಣಸು ಕೊಯ್ಯೋ ಏಣಿ ಗದ್ದೆ ಕಡೆ ಮನೆಯಲ್ಲಿ ಉಂಟಲ್ಲ.

ತಿರುವಿನ ಮನೆ, ಬೆಳಗ್ಗೆ 9:54
ಅಲ್ಯೂಮಿನಿಯಂ ಏಣಿ ಬೇಡವೇ ಬೇಡ! ಪ್ರತಿ ಮೆಣಸಿನ ಕೊಯ್ಲಿಗೂ ತಂತಿ ತಾಗಿ ಯಾರಾದ್ರೂ ಸತ್ತ ಸುದ್ದಿ ಓದ್ತೇವೆ. ಲೈನ್‌ಮ್ಯಾನ್ ಬಂದು ಲೈನ್ ಆಫ್ ಮಾಡೋವರೆಗೆ ಒಬ್ಬರೂ ಮರ ಹತ್ತಬಾರದು. ಅವರಿಗೆ ನಾನೇ ಹೇಳ್ತೇನೆ.

ತಿರುವಿನ ಮನೆ, ಶುಕ್ರವಾರ ಸಂಜೆ 5:20
ಅಣ್ಣಾ, ಸಹಿ ಎಷ್ಟಾಯ್ತು?

ಅಂಗಡಿ ಅಣ್ಣ, ಸಂಜೆ 6:41
ಆರು. ಎಲ್ಲರೂ ಭಾನುವಾರ ಹೇಗೂ ಬರ್ತೇವಲ್ಲ, ಆಗ ಹಾಕ್ತೇವೆ ಅಂದ್ರು.

ಟ್ಯಾಂಕ್ ಪಕ್ಕದ ಅಂಕಲ್, ಸಂಜೆ 6:43
ಬಿದಿರಿನ ಏಣಿ ಯಾರಲ್ಲಿದೆ?

ಗದ್ದೆ ಕಡೆ ಮನೆ, ಸಂಜೆ 6:50
ನಮ್ಮಲ್ಲಿ ಉಂಟು. ಹಗ್ಗ ಸಾಲೋದಿಲ್ಲ, ಇನ್ನೊಂದು ಬೇಕು.

ಹೋಂಸ್ಟೇ ಅಕ್ಕ, ಸಂಜೆ 6:52
ಹಗ್ಗ ನಾನು ತರ್ತೇನೆ. ಕಾಫಿ, ತಿಂಡಿಯೂ ನಮ್ಮಲ್ಲೇ.