ಸಹಾಯ ಬೇಕು: 2721601 ಇನ್ನೂ ಒಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ್ರಿ. ವಿಜಯಪುರದಲ್ಲಿ ಪ್ರೌಢಶಾಲೆ ಮಕ್ಕಳ ಗಣಿತ ಮೇಳಕ್ಕೆ 61 × ಕ² + 1 = ಗ² ಸಮೀಕರಣದ ಫಲಕ ತಯಾರಾಗುತ್ತಿದೆ. 1150ರಲ್ಲಿ ಭಾಸ್ಕರಾಚಾರ್ಯರು ಚಕ್ರವಾಲ ವಿಧಾನದಿಂದ (ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಮಾಡಿ ಉತ್ತರ ತಲುಪುವ ಕ್ರಮ) ಬಿಡಿಸಿದ್ದು ಇದನ್ನೇ. (ಅವರ ಊರು ವಿಜ್ಜಡವಿಡ ಅಂದರೆ ನಮ್ಮೂರೇ ಹೌದೋ ಅಲ್ಲವೋ ಎಂಬ ಜಗಳ ಇಲ್ಲಿ ಬ್ಯಾಡ್ರಿ.) ಸೊನ್ನೆ ಬಿಟ್ಟರೆ ಅತಿ ಚಿಕ್ಕ ಪೂರ್ಣಾಂಕ ಉತ್ತರ: ಕ = 226153980, ಗ = 1766319049.

ಕ ಸಲೀಸಾಗಿ ಒಡೆಯಿತು: 2² × 3² × 5 × 13 × 127 × 761, ಒಟ್ಟು 144 ಭಾಜಕಗಳು. ತಕರಾರು ಇರುವುದು ಗ ಹತ್ತಿರ. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ ಕಳೆದರೆ 0 ಬರುತ್ತದೆ, ಹಾಗಾಗಿ 11 ಹೋಗುತ್ತದೆ. ಆಮೇಲೆ 59 ಹೋಗುತ್ತದೆ. ಉಳಿಯುವುದು 2721601. ಇದು ಅವಿಭಾಜ್ಯವೇ?

1650ರ ವರ್ಗ 2722500, ಆದ್ದರಿಂದ 1649ರವರೆಗೆ ನೋಡಿದರೆ ಸಾಕು. ಎಲ್ಲ ಅವಿಭಾಜ್ಯಗಳೂ ಬೇಡ: ಗ = 2 × 29718² + 1 ಆಗಿರುವುದರಿಂದ, 8ರಿಂದ ಭಾಗಿಸಿದಾಗ ಶೇಷ 1 ಅಥವಾ 3 ಉಳಿಯುವ ಅವಿಭಾಜ್ಯಗಳು ಮಾತ್ರ ಇದನ್ನು ಭಾಗಿಸಬಲ್ಲವು. 139ರವರೆಗೆ ಮುಗಿದಿದೆ. ಒಬ್ಬರು 140ರಿಂದ 800, ಇನ್ನೊಬ್ಬರು ಅಲ್ಲಿಂದ ಮುಂದೆ ಹಿಡಿದರೆ ಬೇಗ ಆಗುತ್ತದೆ. ಬರೀ 'ಹೋಗಲಿಲ್ಲ' ಅನ್ನದೆ ಶೇಷವನ್ನೂ ಬರೆಯಿರಿ, ತಾಳೆ ನೋಡಲು ಬೇಕು.

ಸಮೀಕರಣವನ್ನು ಎಕ್ಸೆಲ್‌ನಲ್ಲಿ ಪರೀಕ್ಷಿಸಬೇಡಿ. ಗ² = 3119882982860264401, ಅಂದರೆ 19 ಅಂಕಿ. ಎಕ್ಸೆಲ್ 15 ಅಂಕಿಯಷ್ಟೇ ನಿಖರವಾಗಿ ಹಿಡಿಯುತ್ತದೆ, ಗ² ಮತ್ತು 61 × ಕ² ನಡುವಿನ ವ್ಯತ್ಯಾಸ 1ರ ಬದಲು 0 ತೋರಿಸುತ್ತದೆ. ಪೈಥಾನ್ ಬಳಸಿ, ಪೂರ್ಣಾಂಕವಾಗಿಯೇ ಇಡಿ; ದಶಮಾಂಶ ಸೇರಿಸಿದರೆ ಅಲ್ಲಿಯೂ ಇದೇ ಹಣೆಬರಹ.