ಕೆರೆಗೆ ಬೇಲಿ ಹಾಕಿದರೆ ಸಾಕಾ?

ಗುಂಪು: ಹೈಸ್ಕೂಲ್ ಗೆಳೆಯರು, ಕೋಲಾರ

ಶಶಿ: (ಫಾರ್ವರ್ಡ್ ಮಾಡಿದ ವಿಡಿಯೊ) ಎಲ್ಲರೂ ನೋಡಿ. ಮನುಷ್ಯ ಕೈ ಹಾಕದಿದ್ದರೆ ಪ್ರಕೃತಿ ತಾನಾಗೇ ಸರಿಹೋಗುತ್ತೆ. ನಮ್ಮ ಕೆರೆಗಳಿಗೂ ಬೇಲಿ ಹಾಕಿ ಹತ್ತು ವರ್ಷ ಬಿಟ್ಟುಬಿಡಬೇಕು.

ನಾಗರತ್ನ: ನಿಜ. ಒಳ್ಳೇ ವಿಡಿಯೊ.

ಮುನಿರಾಜು: ಕಾಡಿಗೆ ಸರಿ ಇರಬಹುದು ಶಶಿ. ಕೆರೆಗೆ ಆ ಮಾತು ಒಪ್ಪಲ್ಲ. ನಮ್ಮ ಕಡೆ ವರ್ಷಪೂರ್ತಿ ಹರಿಯುವ ಹೊಳೆಯೇ ಇಲ್ಲ. ಜನ ಏರಿ ಕಟ್ಟಿದ್ದಕ್ಕೇ ಇವು ಕೆರೆಗಳಾದವು. ಸುಮ್ನೆ ಬಿಟ್ಟರೆ ಹೂಳು ತುಂಬಿ ಬಯಲಾಗುತ್ತವೆ.

ಶಶಿ: ಹಾಳು ಮಾಡಿದ್ದೂ ಜನರೇ ಅಲ್ವಾ?

ಮುನಿರಾಜು: ಹೌದು, ಆದರೆ ಮೊದಲು ಹೇಗೆ ಉಳಿದಿತ್ತು, ಆಮೇಲೆ ಹೇಗೆ ಹಾಳಾಯಿತು ಅಂತ ನೋಡು. ಬೇತಮಂಗಲದ ಕೆರೆ ತಗೋ. ಪಾಲಾರ್ ಹೊಳೆಗೆ ಕಟ್ಟಿದ್ದು. 10ನೇ ಶತಮಾನದಲ್ಲಿ ಏರಿ ಒಡೆದಾಗ ನೊಳಂಬರ ಅರಸ ಕಟ್ಟಿಸಿದ. 12ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಮತ್ತೆ ಕಟ್ಟಿಸಿದ. ಎರಡಕ್ಕೂ ಶಾಸನ ಇದೆ. ಕೆಜಿಎಫ್‌ನ ಗಣಿ ಊರಿಗೂ ಅದೇ ನೀರು ಹೋಯಿತು. ಇಷ್ಟು ಕಾಲ ಉಳಿದದ್ದು ರಿಪೇರಿಯಿಂದಲೇ.

ನಮ್ಮೂರ ಕೆರೆಯೂ ಹಾಗೇ. ಬೇಸಿಗೆಯಲ್ಲಿ ಗಾಡಿ ಕಟ್ಟಿ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಯುತ್ತಿದ್ದರು. ಹೊಲಕ್ಕೆ ಫಲವತ್ತಾದ ಮಣ್ಣು ಬರುತ್ತಿತ್ತು, ಕೆರೆಯ ಹೂಳೂ ಹೋಗುತ್ತಿತ್ತು. ನೀರಗಂಟಿ ತೂಬು ತೆಗೆದು ಯಾವ ಗದ್ದೆಗೆ ಎಷ್ಟು ಅಂತ ನೀರು ಬಿಡುತ್ತಿದ್ದ. ಸುಗ್ಗಿಯಲ್ಲಿ ಅವನಿಗೆ ಊರಿನವರು ಕಾಳು ಅಳೆದು ಕೊಡುತ್ತಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ಅವರವರ ನೀರು ಅವರವರಿಗೆ. ನೀರಗಂಟಿ ಯಾರಿಗೂ ಬೇಡವಾದ. ಕಾಲುವೆ ಮುಚ್ಚಿ ಉತ್ತುಕೊಂಡರು. ಕೆರೆ ಒಣಗಿದ ಮೇಲೆ ಬೋರೂ ಒಣಗಿತು. ಸಾವಿರ ಅಡಿ ದಾಟಿ ಕೊರೆದೆವು, ಫ್ಲೋರೈಡ್ ನೀರು ಕುಡಿದೆವು.

ನಾಗರತ್ನ: ನೀಲಗಿರಿ ತೋಪುಗಳನ್ನ ಬಿಟ್ಟುಬಿಟ್ಟೆಯಲ್ಲ ಮುನಿರಾಜು. ಕೆರೆಗೆ ನೀರು ಬರುವ ಜಾಗದಲ್ಲೆಲ್ಲ ಅವೇ ಇವೆ.

ಮಂಜು: ನೀಲಗಿರಿ ಬೈಯೋದು ಸುಲಭ. ನಮ್ಮಪ್ಪನೂ ಹಾಕಿದ್ದರು. ಮಳೆ ನಂಬುವ ಹಾಗಿರಲಿಲ್ಲ, ಆಳು ಸಿಗುತ್ತಿರಲಿಲ್ಲ. ಒಂದು ಸಲ ನೆಟ್ಟರೆ ಕಡಿದ ಮೇಲೂ ಚಿಗುರುತ್ತೆ. 1980ರ ದಶಕದಲ್ಲಿ ಸರ್ಕಾರವೇ ನೆಡಿ ಅಂದಿತು. 2017ರಲ್ಲಿ ನೆಡಬೇಡಿ ಅಂತ ಆದೇಶ ಹೊರಡಿಸಿತು. ಮಧ್ಯದಲ್ಲಿ ಸಿಕ್ಕಿಕೊಂಡವನು ರೈತ.

ನಾಗರತ್ನ: ಅಪ್ಪನವರನ್ನ ಅಂದಿದ್ದಲ್ಲ ಮಂಜು. ಆದರೆ ಕೆಳಗಿನ ಊರಿಗೆ ನೀರು ಕಡಿಮೆಯಾದದ್ದೂ ನಿಜ ತಾನೇ?

ಮಂಜು: ಅದು ನಿಜ.

ಶಶಿ: 2018ರಿಂದ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಬರ್ತಿದೆಯಲ್ಲ? ಕೆರೆಗಳು ತುಂಬಿವೆ.

ಮುನಿರಾಜು: ತುಂಬಿವೆ, ಸಂತೋಷವೇ. ಆದರೆ ಅದು ಬೆಂಗಳೂರು ಬಳಸಿ ಬಿಟ್ಟ ನೀರು, ಎರಡು ಹಂತ ಶುದ್ಧ ಮಾಡಿದ್ದು. ಮೂರನೇ ಹಂತವೂ ಆಗಲಿ ಅಂತ ನಾವು ಕೇಳಲೇಬೇಕು. ಪೈಪಿನ ನೀರು ಬಂತು ಅಂತ ಕಾಲುವೆ ಮರೆತರೆ, ಬಿದ್ದ ಮಳೆ ಎಲ್ಲಿಗೆ ಹೋಗಬೇಕು?

ಶಶಿ: ಬೇಲಿ ಬೇಡ ಅಂದರೆ ಒತ್ತುವರಿ ತಡೆಯೋದು ಹೇಗೆ? ಅದನ್ನ ಹೇಳು.

ಮುನಿರಾಜು: ಸರ್ವೆ ಮಾಡಿಸಿ ಗಡಿಗೆ ಕಲ್ಲು ನೆಡಿಸೋಣ. ದನಕ್ಕೆ, ಗೋಡು ಹೊಡೆಯುವ ಗಾಡಿಗೆ ದಾರಿ ಇರಲಿ. ಪಂಚಾಯಿತಿಗೆ ಅರ್ಜಿ ಬರೆಯುತ್ತೇನೆ. ಸಹಿ ಹಾಕ್ತೀಯಾ?

ಶಶಿ: ಮೊದಲು ಅರ್ಜಿನ ಈ ಗುಂಪಿಗೆ ಹಾಕು. ದಾರಿ ಬಿಟ್ಟರೆ ಟ್ರ್ಯಾಕ್ಟರ್‌ನವರು ಮಣ್ಣು ಮಾರಿಕೊಳ್ಳದ ಹಾಗೆ ಏನು ಮಾಡ್ತೀರಿ ಅಂತಲೂ ಬರಿ. ಓದಿ ಹೇಳ್ತೀನಿ.