ಬೆಕ್ಕಿಗಾಗಿ ಮನೆ ಅಡ ಇಟ್ಟವನು

ಭಾನುವಾರ ಜೋರು ಮಳೆ. ವಾಕಿಂಗ್ ರದ್ದು, ಬೋಂಡ ಖಾಯಂ. ಮಗ ಕೀಬೋರ್ಡ್ ಕ್ಲಾಸ್ ಬಿಟ್ಟ ಅಂತ ಅತ್ತಿಗೆ ಗೊಣಗುತ್ತಿದ್ದರು.

"ಸಂಗೀತ ರಕ್ತದಲ್ಲೇ ಇರಬೇಕಮ್ಮ," ಅಂದರು ಮೇಷ್ಟ್ರು. "ಲಂಡನ್ನಿನಲ್ಲಿ ಸಂಗೀತ ನಾಟಕ ಮಾಡುವ ಆ ಆಂಡ್ರೂ ಲಾಯ್ಡ್ ವೆಬ್ಬರ್‌ನನ್ನೇ ನೋಡಿ. ಅಪ್ಪ ವಿಲಿಯಂ ಪೈಪ್ ಆರ್ಗನ್ ನುಡಿಸುವವರು, ಲಂಡನ್ ಕಾಲೇಜ್ ಆಫ್ ಮ್ಯೂಸಿಕ್‌ನ ಮುಖ್ಯಸ್ಥರು. ಅಮ್ಮ ಜೀನ್ ಪಿಯಾನೋ ಟೀಚರ್. ತಮ್ಮ ಜೂಲಿಯನ್ ನುಡಿಸೋದು ಚೆಲ್ಲೋ, ಅಂದರೆ ದೊಡ್ಡ ಪಿಟೀಲಿನಂಥದ್ದು. ಮನೆಯಲ್ಲಿ ಬಂದು ಉಳಿದುಕೊಂಡಿದ್ದವನೂ ಪಿಯಾನೋ ವಾದಕ, ಜಾನ್ ಲಿಲ್!"

"ತಾತ?" ಅಂತ ಕೇಳಿದ ಭಾವ.

ಮೇಷ್ಟ್ರು ಸ್ವಲ್ಪ ತಡವರಿಸಿದರು. "ಪ್ಲಂಬರ್. ಆದರೆ ಆರ್ಗನ್ ಹುಚ್ಚು ಜಾಸ್ತಿ."

"ಸರಿ ಬಿಡಿ, ಎರಡೂ ಪೈಪಿನ ಕೆಲಸವೇ."

ರಕ್ತದ ವಾದ ಅತ್ತಿಗೆಗೆ ಒಪ್ಪಿಗೆಯಾಗಲಿಲ್ಲ. ವೆಬ್ಬರ್‌ಗೆ ನಾಟಕದ ರುಚಿ ಹತ್ತಿಸಿದ್ದು ಅಮ್ಮನ ಸೋದರಿ, ನಟಿ ವಯೋಲಾ. ಚಿಕ್ಕಮ್ಮನೋ ದೊಡ್ಡಮ್ಮನೋ, ಇಂಗ್ಲಿಷಿನಲ್ಲಿ ಎಲ್ಲರೂ ಆಂಟಿಯೇ. ಅವರು ಥಿಯೇಟರಿಗೆ ಕರೆದುಕೊಂಡು ಹೋದರು, ಇವನು ಮನೆಗೆ ಬಂದು ಆಟಿಕೆ ರಂಗಮಂದಿರ ಕಟ್ಟಿಕೊಂಡು ಅದರಲ್ಲಿ ತನ್ನದೇ ನಾಟಕ ಆಡಿಸಿದ. "ನನ್ನ ಮಗನಿಗೆ ಅಂಥ ಆಂಟಿ ಎಲ್ಲಿದ್ದಾಳೆ?" ಅಂತ ಅತ್ತಿಗೆ ಭಾವನ ಕಡೆ ನೋಡಿದರು. ಭಾವನ ತಂಗಿ ಇನ್ಶೂರೆನ್ಸ್ ಮಾಡಿಸುತ್ತಾಳೆ.

ಆಮೇಲೆ ವೆಬ್ಬರ್ ಇತಿಹಾಸ ಓದೋಕೆ ಅಂತ ಆಕ್ಸ್‌ಫರ್ಡ್‌ಗೆ ಹೋದ, ಬಿಟ್ಟು ಬಂದ. ಸಾಹಿತ್ಯ ಬರೆಯುವ ಟಿಮ್ ರೈಸ್ ಸಿಕ್ಕಿದ. ಇಬ್ಬರೂ ಸೇರಿ 1968ರಲ್ಲಿ ಒಂದು ಶಾಲೆಯ ಮಕ್ಕಳಿಗೆ ಅಂತ ಬೈಬಲ್‌ನ ಜೋಸೆಫ್ ಕಥೆಯನ್ನು ಹಾಡಿನಲ್ಲೇ ಹೇಳಿದರು. 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' 1970ರಲ್ಲಿ ಮೊದಲು ರೆಕಾರ್ಡ್ ಆಗಿ ಬಂತು, ಮರುವರ್ಷ ನ್ಯೂಯಾರ್ಕಿನ ನಾಟಕದ ಬೀದಿ ಬ್ರಾಡ್‌ವೇ ಹತ್ತಿತು. ಹಾಡು ಮೊದಲು, ನಾಟಕ ಆಮೇಲೆ. ನಮ್ಮಲ್ಲಿ ಸಿನಿಮಾಗಿಂತ ಮುಂಚೆ ಕ್ಯಾಸೆಟ್ ಬಿಡುತ್ತಿದ್ದರಲ್ಲ, ಹಾಗೆ.

"ಸಾಹಸ ಅಂದರೆ 'ಕ್ಯಾಟ್ಸ್'," ಅಂದರು ಡಾಕ್ಟ್ರು. "ಕವಿ ಎಲಿಯಟ್ ಬರೆದ ಬೆಕ್ಕಿನ ಪದ್ಯಗಳನ್ನೇ ನಾಟಕ ಮಾಡಿದ್ದು, ಕಥೆ ಅನ್ನೋದು ಹುಡುಕಿದರೂ ಸಿಗಲ್ಲ. ದುಡ್ಡು ಸಾಲದೆ ಮನೆ ಅಡ ಇಟ್ಟ. ರಿಹರ್ಸಲ್‌ನಲ್ಲಿ ನಟಿ ಜೂಡಿ ಡೆಂಚ್ ಹಿಮ್ಮಡಿಯ ನರ ಹರಿಯಿತು. ಅವರ ಜಾಗಕ್ಕೆ ಎಲೇನ್ ಪೇಜ್ ಬಂದರು, 'ಮೆಮೊರಿ' ಹಾಡಿದರು, 1981ರಿಂದ ಲಂಡನ್ನಿನಲ್ಲೇ 21 ವರ್ಷ ಓಡಿತು!"

ಭಾವ ಅತ್ತಿಗೆಯ ಮುಖ ನೋಡಿದ. "ನಾವೂ ಮನೆ..." ಅನ್ನುವಷ್ಟರಲ್ಲಿ ಬೋಂಡದ ತಟ್ಟೆ ಒಳಗೆ ಹೋಯಿತು.

ನನಗೆ ಇಷ್ಟವಾದದ್ದು ಬಾಜಿಯ ಕಥೆ. ತಮ್ಮ ಜೂಲಿಯನ್ ತನ್ನ ಚೆಲ್ಲೋಗೆ ಏನಾದರೂ ಬರೆದುಕೊಡು ಅಂತ ಕೇಳುತ್ತಲೇ ಇದ್ದ, ಅಣ್ಣ ಮುಂದೂಡುತ್ತಲೇ ಇದ್ದ. ಕೊನೆಗೆ ಲೇಟನ್ ಓರಿಯೆಂಟ್ ತಂಡದ ಫುಟ್ಬಾಲ್ ಪಂದ್ಯದ ಮೇಲೆ ಬಾಜಿ ಕಟ್ಟಿ ಅಣ್ಣ ಸೋತ. ಹಳೇ ಕಾಲದ ಪಿಟೀಲು ವಾದಕ ಪಗನಿನಿಯ ಒಂದು ಧಾಟಿ ಹಿಡಿದು ಚೆಲ್ಲೋ ಮತ್ತು ರಾಕ್ ಬ್ಯಾಂಡಿಗೆ 'ವೇರಿಯೇಷನ್ಸ್' ಬರೆದುಕೊಡಬೇಕಾಯಿತು. ಮನೆಯವರ ಕೈಲಿ ಕೆಲಸ ಮಾಡಿಸಿಕೊಳ್ಳೋಕೆ ಲಂಡನ್ನಿನಲ್ಲೂ ಬಾಜಿಯೇ ಕಟ್ಟಬೇಕು.

ಅಪ್ಪನ ವಿಷಯ ಬಂದಾಗ ಮಾತ್ರ ಮೇಷ್ಟ್ರ ದನಿ ಇಳಿಯಿತು. ವಿಲಿಯಂ ಒಳ್ಳೊಳ್ಳೆ ಸಂಗೀತ ಬರೆದಿದ್ದರು, ಆದರೆ ಇದು ಹಳೇ ಕಾಲದ ಶೈಲಿ ಅಂತ ತಾವೇ ಅಂದುಕೊಂಡು ಬಹಳ ವರ್ಷ ಬರೆಯುವುದನ್ನೇ ಬಿಟ್ಟು ಪಾಠ ಹೇಳಿಕೊಂಡಿದ್ದರು. 1982ರಲ್ಲಿ ಹೋದರು. ಅದರಲ್ಲಿ ಎಷ್ಟೋ ಸಂಗೀತ ಜನರ ಕಿವಿಗೆ ಬಿದ್ದದ್ದು ಆಮೇಲೆಯೇ, ಅದಕ್ಕಾಗಿ ಓಡಾಡಿದವನು ಜೂಲಿಯನ್. "ಅದೇ ಮನೆಯ ದೊಡ್ಡ ಮಗನ 'ಫ್ಯಾಂಟಮ್' ನಾಟಕ ಬ್ರಾಡ್‌ವೇಯಲ್ಲಿ 35 ವರ್ಷ, 13,981 ಪ್ರದರ್ಶನ!"

ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ.

"ಆ ಬೆಕ್ಕುಗಳನ್ನು 2019ರಲ್ಲಿ ಸಿನಿಮಾ ಮಾಡಿದರಲ್ಲ," ಅಂತ ನಾನೇ ಮೌನ ಮುರಿದೆ. "ಅದನ್ನು ನೋಡಿದ ಮೇಲೆ ವೆಬ್ಬರ್ ಹೋಗಿ ನಾಯಿ ತಂದನಂತೆ. ಮನಸ್ಸಿಗೆ ಪೆಟ್ಟಾಗಿದೆ, ವಿಮಾನದಲ್ಲಿ ನಾಯಿ ಜೊತೆಗೇ ಇರಬೇಕು, ಹಾಲಿವುಡ್‌ನವರು ನನ್ನ 'ಕ್ಯಾಟ್ಸ್' ಏನು ಮಾಡಿದರು ನೋಡಿ ಅಂತ ಅರ್ಜಿ ಹಾಕಿದ್ದಕ್ಕೆ, ಡಾಕ್ಟರ್ ಸರ್ಟಿಫಿಕೇಟ್ ಬೇಡ ಅಂತ ಉತ್ತರ ಬಂತಂತೆ. ಅವನೇ ಹೇಳಿಕೊಂಡದ್ದು."

ಡಾಕ್ಟ್ರು ಕನ್ನಡಕ ಒರೆಸಿಕೊಂಡರು. "ಕೇಳಿದ್ದರೂ ಬರೆದುಕೊಡುತ್ತಿದ್ದೆ. ಆ ಸಿನಿಮಾ ನಾನೂ ನೋಡಿದ್ದೀನಿ."